ದನದ ಕಾಯಿಲೆಯ ಬೋರ್ಡು

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನನಗೊಂದು ಹೆಸರಿದೆ: ರಷ್ಯಾ ಡಾಕ್ಟ್ರು. ನಾನು ಓದಿದ್ದು ರಷ್ಯಾದಲ್ಲಲ್ಲ, ಕಜಾಕ್‌ಸ್ತಾನದಲ್ಲಿ ಎಂದು ಮೊದಮೊದಲು ಸಿಕ್ಕವರಿಗೆಲ್ಲ ತಿದ್ದಿ ಹೇಳುತ್ತಿದ್ದೆ. "ಎಲ್ಲ ಒಂದೇ ಅಲ್ವಾ ಮೇಡಂ, ಮೊದ್ಲು ಒಟ್ಟಿಗೇ ಇತ್ತಲ್ಲ" ಎಂದು ಔಷಧಿ ಅಂಗಡಿಯವ ಒಂದು ದಿನ ನಗುತ್ತಾ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಟ್ಟಿಗೆ ಇದ್ದುದರಿಂದಲೇ ಆ ಸೀಮೆಗೆ ಅಂಥ ಗತಿ ಬಂದಿದ್ದು.

ನಮ್ಮದು ಬಾಳೆಹೊನ್ನೂರು ಕಡೆಯ ವ್ಯಾಪಾರದ ಮನೆ. ಇಲ್ಲಿ ಸೀಟು ಸಿಗುವಷ್ಟು ಅಂಕ ನನಗೆ ಬರಲಿಲ್ಲ. ಏಜೆಂಟ್ ಒಬ್ಬ ಮನೆಗೆ ಬಂದು ಬಣ್ಣದ ಕಾಗದ ಹರವಿ ಒಂದು ಊರು ತೋರಿಸಿದ. "ಅಲ್ಲಿ ತರಕಾರಿ ಸಿಗುತ್ತೇನ್ರೀ?" ಎಂದು ಅಪ್ಪ ಕೇಳಿದರು. ಸಿಗುತ್ತದೆ ಎಂದ. ನಮ್ಮ ಮನೆಯಲ್ಲಿ ಆ ಊರಿನ ಬಗ್ಗೆ ನಡೆದ ವಿಚಾರಣೆ ಅಷ್ಟೇ. ಅದು ಎಂಥ ನೆಲ, ಅಲ್ಲಿ ಏನು ನಡೆದಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಊರಿನ ಹೆಸರು ಈಗ ಸೆಮೇ. ಹಳೆಯ ಹೆಸರು ಸೆಮಿಪಲಾತಿನ್ಸ್ಕ್. ಸೋವಿಯೆತ್ ಕಾಲದಲ್ಲಿ ಅದೇ ಹೆಸರಿನ ಒಂದು ಪ್ರಾಂತ್ಯವಿತ್ತು, ಅದಕ್ಕೆ ಈ ಊರೇ ರಾಜಧಾನಿ. ಒಬ್ಬ ಮುದುಕಿಯ ಫ್ಲ್ಯಾಟಿನಲ್ಲಿ ನನಗೆ ಬಾಡಿಗೆ ಕೋಣೆ ಸಿಕ್ಕಿತು. ಅಲ್ಲಿ ದೊಡ್ಡ ಹೆಂಗಸರನ್ನು ಅಪಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಬಾಯಿ ಬಲು ಜೋರು. ನಾನು ಮಾಡಿಕೊಂಡ ಅನ್ನ ಸಾರು ನೋಡಿ "ಆಸ್ಪತ್ರೆ ಗಂಜಿ" ಎಂದು ಮೂಗು ಮುರಿಯುತ್ತಿದ್ದಳು. ಕುದುರೆ ಮಾಂಸ ತಿನ್ನದವಳು ಡಾಕ್ಟರಾಗಿ ಏನು ಕಡಿದು ಕಟ್ಟೆ ಹಾಕುತ್ತಾಳೆ ಎಂದು ನನ್ನೆದುರೇ ಪಕ್ಕದ ಮನೆಯವಳಿಗೆ ಹೇಳಿ ನಗುತ್ತಿದ್ದಳು. ನನಗೆ ಅವಳನ್ನು ಕಂಡರೆ ಸಿಟ್ಟು, ಅವಳಿಲ್ಲದಿದ್ದರೆ ಬೇಜಾರು.

ಮೊದಲ ವರ್ಷ ಕಾಲೇಜಿನಲ್ಲಿ ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಗಾಜಿನ ಜಾಡಿ, ಜಾಡಿಯೊಳಗೆ ಹುಟ್ಟುವ ಮೊದಲೇ ಸತ್ತ ಕೂಸುಗಳು. ಒಂದಕ್ಕೆ ಹಣೆಯ ನಡುವೆ ಒಂದೇ ಕಣ್ಣು, ಇನ್ನೊಂದಕ್ಕೆ ತಲೆಯ ಮೇಲ್ಭಾಗವೇ ಇರಲಿಲ್ಲ. ನಮ್ಮ ಕಡೆಯ ಹುಡುಗನೊಬ್ಬ ಫೋಟೋ ಹೊಡೆದು ಊರಿಗೆ ಕಳಿಸಿದ. ನಾನು ಮನೆಗೆ ಬಂದು ಅಪಾಳಿಗೆ ಹೇಳಿದೆ, ಎಷ್ಟು ಭಯಂಕರ ಇತ್ತು ಗೊತ್ತಾ ಎಂದು. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸದೆ, "ನನ್ನದನ್ನೂ ಅವರೇ ತಗೊಂಡು ಹೋದರು. ಎಲ್ಲಿಟ್ಟರು ಅಂತ ಹೇಳಲಿಲ್ಲ" ಎಂದಳು. ಆಮೇಲೆ ನಾನು ಆ ಕೋಣೆಯ ಕಡೆಗೆ ತಲೆ ಹಾಕಲಿಲ್ಲ.

ಆ ಪ್ರಾಂತ್ಯದ ಚರಿತ್ರೆಯನ್ನು ನಾನು ಕಲಿತದ್ದು ಅವಳ ಅಡುಗೆಮನೆಯಲ್ಲಿ, ಚೂರು ಚೂರಾಗಿ. ಅದು ಮರವಿಲ್ಲದ ಹುಲ್ಲುಗಾವಲಿನ ದೇಶ, ಕುರಿ ಕುದುರೆ ಸಾಕುವ ಜನ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾಸ್ಕೋದವರು ನಕ್ಷೆ ಹರವಿಕೊಂಡು ಅಲ್ಲಿ ಯಾರೂ ಇಲ್ಲ ಎಂದು ತೀರ್ಮಾನಿಸಿದರು. ಅಪಾಳ ಹಳ್ಳಿ ಇತ್ತು, ಸುತ್ತ ಬೇಕಾದಷ್ಟು ಹಳ್ಳಿಗಳಿದ್ದವು. ಆದರೂ ಯಾರೂ ಇಲ್ಲ. ಆ ಬಯಲಿನಲ್ಲಿ ಅಣುಬಾಂಬು ಹೊಡೆಯಲು ಶುರು ಮಾಡಿದವರು ದಶಕಗಳ ಕಾಲ ನಿಲ್ಲಿಸಲಿಲ್ಲ, ಮೊದಲು ನೆಲದ ಮೇಲೆ, ಆಮೇಲೆ ನೆಲದೊಳಗೆ. ಅಪಾ ಚಿಕ್ಕವಳಿದ್ದಾಗ ಸೈನಿಕರು ಬಂದು ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಬೋರಲು ಮಲಗಿ ಎನ್ನುತ್ತಿದ್ದರಂತೆ. ಮನೆ ಬಿದ್ದು ಜನ ಸಾಯಬಾರದಲ್ಲ, ಅದಕ್ಕೆ. ಎಂಥ ಕಾಳಜಿ ನೋಡಿ! ಮಕ್ಕಳು ತಲೆಯೆತ್ತಿ ನೋಡುತ್ತಿದ್ದರು. ಚೆನ್ನಾಗಿರುತ್ತಿತ್ತು ಎಂದಳು.

ನನ್ನ ತಲೆಯಲ್ಲಿ ಉಳಿದುಹೋದದ್ದು ಬಾಂಬಲ್ಲ, ಒಂದು ಬೋರ್ಡು. ಜನರಿಗೆ ಏನಾಗುತ್ತಿದೆ ಎಂದು ನೋಡಲು ಊರಿನಲ್ಲೇ ಒಂದು ಆಸ್ಪತ್ರೆ ತೆರೆದಿದ್ದರು. ಅದರ ಮೇಲೆ ಹಾಕಿದ ಬೋರ್ಡು ಮಾತ್ರ ದನ ಕುರಿಗಳಿಂದ ಮನುಷ್ಯರಿಗೆ ತಗಲುವ ಜ್ವರದ ಆಸ್ಪತ್ರೆ ಎಂದು. ಬಿಳಿ ಕೋಟಿನವರು ಹಳ್ಳಿಗೆ ಬಂದು ರಕ್ತ ತೆಗೆದು, ತೂಕ ನೋಡಿ, ಬಾಯಿ ತೆರೆಸಿ, ಬರೆದುಕೊಂಡು ಹೋಗುತ್ತಿದ್ದರು. ಔಷಧಿ ಕೊಡಲಿಲ್ಲ, ಏನಾಗಿದೆ ಎಂದೂ ಹೇಳಲಿಲ್ಲ. ಅಪಾಳ ಅಮ್ಮ ರಕ್ತದ ಕಾಯಿಲೆಯಲ್ಲಿ ಸತ್ತಳು, ಕುರಿಯಿಂದ ಬಂದದ್ದು ಎಂದರು. ಮನೆಯಲ್ಲಿ ಇದ್ದ ಕುರಿಗಳನ್ನೆಲ್ಲ ಅಪಾಳ ಅಪ್ಪ ಕೊಂದು ಹೂತುಹಾಕಿದ. ಆ ಚಳಿಗಾಲ ತಿನ್ನಲು ಏನೂ ಇರಲಿಲ್ಲ ಎನ್ನುವಾಗ ಅಪಾ ನಿಜಕ್ಕೂ ನಕ್ಕಳು. ಆ ನಗೆ ಕೇಳಿ ನನಗೆ ಮೈ ಉರಿಯಿತು.

ಬಾಂಬು ನಿಂತಿತು, ಸೋವಿಯೆತ್ತೂ ಬಿದ್ದುಹೋಯಿತು. ಸ್ವಲ್ಪ ವರ್ಷಕ್ಕೆ ಆ ಪ್ರಾಂತ್ಯವನ್ನೇ ರದ್ದು ಮಾಡಿ ಪಕ್ಕದ ಪ್ರಾಂತ್ಯಕ್ಕೆ ಸೇರಿಸಿದರು. "ಯಾರನ್ನು ಕೇಳಲಿ? ನನ್ನ ಹಾಳು ಮಾಡಿದ ದೇಶ ಇಲ್ಲ, ಪ್ರಾಂತ್ಯ ಇಲ್ಲ, ಬೋರ್ಡೂ ಇಲ್ಲ. ನಾನೊಬ್ಬಳು ಇದ್ದೇನೆ" ಎಂದಿದ್ದಳು. ಈಚೆಗೆ ಅದೇ ಜಾಗಕ್ಕೆ ಬೇರೆ ಹೆಸರಿಟ್ಟು ಮತ್ತೆ ಪ್ರಾಂತ್ಯ ಮಾಡಿದ್ದಾರೆ ಎಂದು ಜೊತೆಗೆ ಓದಿದವಳೊಬ್ಬಳು ವಾಟ್ಸಾಪಿನಲ್ಲಿ ಕಳಿಸಿದಳು. ಅಷ್ಟರಲ್ಲಿ ಅಪಾಳೂ ಇರಲಿಲ್ಲ.

ಒಂದು ಸಂಗತಿ ಮಾತ್ರ ಆಗ ನನಗೆ ಅರ್ಥವಾಗಲಿಲ್ಲ. ಅಪಾಳ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾನು ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದೆ. ಹುಡುಗನ ತಾಯಿ ಅಪಾಳಿಗೆ ಹುಟ್ಟೂರು ಯಾವುದು ಎಂದು ಕೇಳಿದಳು. ಅಪಾ ಕಣ್ಣು ಮಿಟುಕಿಸದೆ ಪಾವ್ಲೊದಾರ್ ಪ್ರಾಂತ್ಯದ ಒಂದು ಊರಿನ ಹೆಸರು ಹೇಳಿದಳು, ಅಲ್ಲಿನ ಹೊಳೆ, ಶಾಲೆ ಎಲ್ಲ ವರ್ಣಿಸಿದಳು. ಅವರು ಹೋದ ಮೇಲೆ, ಯಾಕೆ ಸುಳ್ಳು ಹೇಳಿದಿರಿ ಎಂದು ನಾನು ಜಗಳಕ್ಕೇ ನಿಂತೆ. ಅವಳು ಹೇಳಿದ್ದು ಇಷ್ಟೇ: "ನಮ್ಮ ರಕ್ತದಲ್ಲಿ ಏನಿದೆ ಅಂತ ಅವರಿಗೆಲ್ಲ ಗೊತ್ತಿತ್ತು, ನಮಗೆ ಹೇಳಲಿಲ್ಲ. ಈಗ ನನಗೆ ಗೊತ್ತಿದೆ, ನಾನು ಇವರಿಗೆ ಹೇಳುವುದಿಲ್ಲ." ಮೊದಲ ಮಾತನ್ನು ನಾನು ಎದೆಯಲ್ಲಿಟ್ಟುಕೊಂಡೆ. ಎರಡನೆಯದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಡಾಕ್ಟರಾದರೆ ರೋಗಿಗೆ ಏನಾಗಿದೆಯೋ ಅದನ್ನು ಅವರ ಮುಖಕ್ಕೇ ಹೇಳುತ್ತೇನೆ ಎಂದು ಆ ದಿನ ಪಣ ತೊಟ್ಟೆ.

ಊರಿಗೆ ಬಂದು, ಇಲ್ಲಿನ ಪರೀಕ್ಷೆ ಪಾಸು ಮಾಡಿ, ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಸೇರಿದೆ. ಮಂಗನ ಕಾಯಿಲೆ ಇಲ್ಲಿ ಯಾರಿಗೂ ಹೊಸದಲ್ಲ. ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗ ಸತ್ತು ಬೀಳುತ್ತದೆ, ಅದರ ಮೈಮೇಲೆ ರಕ್ತ ಹೀರುವ ಉಣುಗು ನೆಲಕ್ಕಿಳಿಯುತ್ತದೆ, ಒಣಗಿದ ಎಲೆಯ ದರಗು ಗುಡಿಸಲು ಹೋದವರ ಕಾಲಿಗೆ ಹತ್ತಿ ಕಚ್ಚುತ್ತದೆ. ಉಣುಗು ಕಚ್ಚಿಯೇ ಬರಬೇಕು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದನ್ನು ನಾನು ಎಷ್ಟು ಸಲ ಕಿರುಚಿ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದು ಬೇಸಿಗೆಯಲ್ಲಿ ಎಸ್ಟೇಟಿನ ಜೀಪಿನಲ್ಲಿ ಒಬ್ಬ ಕೂಲಿ ಹೆಂಗಸನ್ನು ಕರೆತಂದರು. ಸುಡುವ ಜ್ವರ, ಕೆಂಪು ಕಣ್ಣು, ತಲೆ ಎತ್ತಲಾರದ ನೋವು. ಜೊತೆಗೆ ಅವಳ ಗಂಡನೂ ಆಳುಗಳ ಉಸ್ತುವಾರಿ ನೋಡುವ ಎಸ್ಟೇಟ್ ರೈಟರೂ ಬಂದಿದ್ದರು. ರಕ್ತ ತೆಗೆದು ಶಿವಮೊಗ್ಗದ ಲ್ಯಾಬಿಗೆ ಕಳಿಸಲು ಇಟ್ಟೆ. ರಿಪೋರ್ಟ್ ಬರುವ ತನಕ ಬಾಯಿ ಬಿಡಬೇಡಿ ಎಂದು ಮೇಲಿನವರು ಫೋನಿನಲ್ಲಿ ಹೇಳಿದರು. ಪ್ರವಾಸಕ್ಕೆ ಜನ ಬರುವ ಕಾಲ, ಹೋಮ್‌ಸ್ಟೇಯವರು ಗಲಾಟೆ ಮಾಡುತ್ತಾರೆ ಎಂದರು. ಫೋನಿಟ್ಟು ಹೊರಗೆ ಬಂದವಳೇ ಅವಳಿಗೆ ಗಟ್ಟಿಯಾಗಿ ಹೇಳಿದೆ: "ಇದು ಮಂಗನ ಕಾಯಿಲೆ ಇರಬಹುದು. ಹೆದರಬೇಡ, ದೊಡ್ಡಾಸ್ಪತ್ರೆಗೆ ಇವತ್ತೇ ಕಳಿಸ್ತೀನಿ." ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಯಿತು. ರೈಟರ್ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ.

ಕಾಯಿಲೆ ಅದೇ ಎಂದು ರಿಪೋರ್ಟ್ ಬಂತು. ಬೇಗ ಕಳಿಸಿದ್ದರಿಂದ ಅವಳು ಬದುಕಿದಳು. ಅವಳು ವಾಪಸು ಬರುವಾಗ ಆಳುಗಳ ಸಾಲುಮನೆಯ, ಲೈನ್ ಮನೆಯ, ಹೊರಗೆ ಅವಳ ಪಾತ್ರೆ ಬಟ್ಟೆ ರಾಶಿ ಬಿದ್ದಿದ್ದವು. ಒಳಗೆ ಫಿನಾಯಿಲ್ ಹೊಡೆದು ಬೀಗ ಹಾಕಿದ್ದರು. ಅಂಗಡಿಯವ ಅವರ ಕೈಯಿಂದ ನೋಟು ಮುಟ್ಟಲಿಲ್ಲ. ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡ ಹೆಂಗಸರು ನಲ್ಲಿಯ ಹತ್ತಿರ ಬರಬೇಡ ಎಂದು ಕಲ್ಲು ತೋರಿಸಿದರು. ನಾನು ರೈಟರ್ ಹತ್ತಿರ ಹೋಗಿ ಕೂಗಾಡಿದೆ. "ನೀವೇ ಹೇಳಿದ್ದಲ್ವಾ ಮೇಡಂ. ನಾವು ಬಾಕಿ ಆಳುಗಳನ್ನ ನೋಡ್ಬೇಕಲ್ಲ ಮಾರಾಯ್ರೆ" ಎಂದ. ಎಸ್ಟೇಟ್ ಬಿಟ್ಟು ಹೊರಡುವ ದಿನ ಅವಳು ಆಸ್ಪತ್ರೆಗೆ ಬಂದಳು. "ನನ್ನ ಕಿವೀಲಿ ಹೇಳಿದ್ರೆ ಆಗ್ತಿರ್ಲಿಲ್ವಾ ಅಮ್ಮ?" ಎಂದು ಕೇಳಿದಳು.

ಮರುವರ್ಷ ನನ್ನನ್ನು ಶೃಂಗೇರಿ ಕಡೆಗೆ ಹಾಕಿದರು. ಮೆಣಸೆಯಿಂದ ಆಚೆ ಒಂದು ತೋಟದ ಲೈನಿನಲ್ಲಿ ಜ್ವರದ ಕ್ಯಾಂಪ್ ಇಟ್ಟಿದ್ದೆವು. ಸಾಲಿನಲ್ಲಿ ಹೋದ ವರ್ಷದ ಆ ಕೂಲಿ ಹೆಂಗಸು ನಿಂತಿದ್ದಳು. ಪಕ್ಕದಲ್ಲಿ ಗಂಡ, ಕಣ್ಣು ಕೆಂಡದ ಹಾಗೆ. ಹಿಂದೆ ಯಾವೂರಲ್ಲಿದ್ರಿ ಎಂದು ಆಶಾ ಕಾರ್ಯಕರ್ತೆ ಕೇಳಿದಳು. "ಸಿರಿಮನೆ ಕಡೆ" ಎಂದಳು, ಕೊಪ್ಪದ ಹೆಸರೇ ಎತ್ತಲಿಲ್ಲ. ಮನೆಯಲ್ಲಿ ಯಾರಿಗಾದರೂ ಮಂಗನ ಕಾಯಿಲೆ ಬಂದಿತ್ತಾ? "ಇಲ್ಲಪ್ಪ, ಅದೆಲ್ಲ ನಮ್ಮ ಕಡೆ ಇಲ್ಲ." ಹೇಳುತ್ತಾ ನನ್ನ ಮುಖ ನೋಡಿದಳು. ಆ ತೋಟದ ರೈಟರ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿದ್ದ. ಪಾವ್ಲೊದಾರಿನ ಹೊಳೆಯನ್ನು ವರ್ಣಿಸಿದ ಅಪಾಳ ಮುಖವನ್ನೇ ನಾನು ಅಲ್ಲಿ ಕಂಡೆ.

ಈ ಸಲ ನಾನು ಜಾಣೆಯಾದೆ. ಟೈಫಾಯ್ಡ್ ಇರಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅವನ ರಕ್ತ ತೆಗೆದೆ. ಟೈಫಾಯ್ಡ್ ಜೋರಾಗಿದೆ ಎಂದು ಅದೇ ದಿನ ಆಂಬುಲೆನ್ಸ್ ಹತ್ತಿಸಿದೆ. ಶಿವಮೊಗ್ಗದಿಂದ ಮಂಗನ ಕಾಯಿಲೆ ಎಂದೇ ಉತ್ತರ ಬಂತು. ಮೇಲಿನವರಿಗೆ ತಿಳಿಸಿದೆ, ಸದ್ದಿಲ್ಲದೆ ಮುಗಿಸಿದ್ದಕ್ಕೆ ಅವರು ಮೊದಲ ಸಲ ನನ್ನನ್ನು ಹೊಗಳಿದರು. ಇನ್ನು ಲೈನಿನ ಬಾಕಿ ಜನರನ್ನು ಕಾಯಬೇಕಲ್ಲ. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ತರಿಸಿದೆ. ಬಾಟಲಿಗಳ ಮೇಲೆ ಉಣುಗಿನ ಹೆಸರಿದ್ದ ಚೀಟಿಯನ್ನು ನಾನೇ ಕೂತು ಕಿತ್ತೆ. ಸೊಳ್ಳೆ ಎಣ್ಣೆ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಮನೆಮನೆಗೆ ಹೇಳಿ ಹಂಚಿದೆ.

ಗಂಡ ಬದುಕಿ ಬಂದ. ಅವಳು ನನ್ನ ಕೈ ಹಿಡಿದುಕೊಂಡು, "ಪುಣ್ಯ ಬರುತ್ತೆ ಅಮ್ಮ ನಿಮಗೆ" ಎಂದಳು. ನನಗೂ ಹಾಗೇ ಅನಿಸಿತ್ತು.

ಸ್ವಲ್ಪ ದಿನಕ್ಕೆ ಅದೇ ಲೈನಿನಿಂದ ಫೋನ್ ಬಂತು. ಅವರ ಪಕ್ಕದ ಮನೆಯ ಮುದುಕಿಗೆ ಜ್ವರ ಬಿಟ್ಟಿಲ್ಲ, ಮಾತು ತೊದಲುತ್ತಿದೆ. ನಾನು ಹೋದಾಗ ಮೂಗಿನಲ್ಲಿ ರಕ್ತ ಒಸರುತ್ತಿತ್ತು. ದರಗಿನ ಬುಟ್ಟಿ ಬಾಗಿಲಲ್ಲೇ ಇತ್ತು. ಕೋಣೆಯೆಲ್ಲ ಆ ಎಣ್ಣೆಯ ವಾಸನೆ, ದಿಂಬಿಗೂ ಮೆತ್ತಿತ್ತು.

"ಎಣ್ಣೆ ಹಚ್ಚಿದ್ರಾ?" ಎಂದೆ.

"ದಿನಾ ರಾತ್ರಿ ಮಲಗುವಾಗ ತಪ್ಪದೆ ಹಚ್ಚಿದೀವಿ ಅಮ್ಮ," ಎಂದಳು ಮಗಳು. "ಒಂದು ಸೊಳ್ಳೆ ಇಲ್ಲ."

"ಬೆಳಿಗ್ಗೆ ಹಚ್ಚಿ ಅಂದಿದ್ನಲ್ಲ!"

"ಬೆಳಿಗ್ಗೆ ಎಂತಕ್ಕೆ ಅಮ್ಮ, ಹಗಲು ಎಲ್ಲಿ ಸೊಳ್ಳೆ ಇರುತ್ತೆ?" ಎಂದು ಅವಳು ನನ್ನನ್ನೇ ದಡ್ಡಿ ಎಂಬಂತೆ ನೋಡಿದಳು.

ಲೈನಿನಲ್ಲಿ ಎಲ್ಲರೂ ಹಾಗೇ ಮಾಡಿದ್ದರು. ರಾತ್ರಿ ಹಚ್ಚಿಕೊಂಡು ಮಲಗಿ, ಎದ್ದು ಮೈ ತೊಳೆದು, ಬರಿಗಾಲಲ್ಲಿ ಕಾಡಿಗೆ ಹೋಗಿದ್ದರು. ದನದ ಕಾಯಿಲೆಯ ಬೋರ್ಡು ಬರೆದವನ ಮೇಲೆ ಇಷ್ಟು ವರ್ಷ ಹಲ್ಲು ಕಡಿದಿದ್ದೇನೆ. ಅಪಾಳ ಅಪ್ಪ ಕುರಿ ಕೊಂದಂತೆ ಇವರು ಸೊಳ್ಳೆಯನ್ನು ಓಡಿಸುತ್ತಾ ಕೂತಿದ್ದರು. ಅಲ್ಲೇ ನೆಲಕ್ಕೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಹೊರಗೆ ಬಂದೆ. ಅಂಗಳದಲ್ಲಿ ಇಡೀ ಲೈನ್ ನೆರೆದಿತ್ತು. "ಇದೂ ಟೈಫಾಯ್ಡೇ ಅಲ್ವಾ ಮೇಡಂ?" ಎಂದು ರೈಟರ್ ಕೇಳಿದ. ಅವನ ಹಿಂದೆ, ಬಟ್ಟೆ ಒಣಹಾಕಿದ ಹಗ್ಗದ ಪಕ್ಕ, ಪುಣ್ಯ ಬರುತ್ತೆ ಎಂದಿದ್ದವಳು ನಿಂತಿದ್ದಳು. ಬೇಡ ಎನ್ನುವಂತೆ ತಲೆಯಾಡಿಸಿದಳು. ಯಾರಿಗೂ ಕಾಣದಷ್ಟು ಸಣ್ಣಗೆ, ನನಗೆ ಮಾತ್ರ ಕಾಣುವ ಹಾಗೆ.

"ಆ ಎಣ್ಣೆ ಸೊಳ್ಳೆಗಲ್ಲ," ಎಂದೆ. "ಉಣುಗಿಗೆ. ಕಾಡಿಗೆ ಹೋಗುವ ಮೊದಲು ಹಚ್ಚಬೇಕು."

ಉಣುಗು ಎಂದ ಮೇಲೆ ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಯಾರಿಗೆ ಜ್ವರ ಬಂದಿತ್ತು ಎನ್ನುವುದೂ ಎಲ್ಲರಿಗೂ ನೆನಪಿತ್ತು. ಒಬ್ಬೊಬ್ಬರಾಗಿ ತಲೆ ತಿರುಗಿಸಿ ಅವಳ ಬಾಗಿಲ ಕಡೆ ನೋಡಿದರು. ಮುದುಕಿ ಆಂಬುಲೆನ್ಸಿನಲ್ಲೇ ತೀರಿಕೊಂಡಳು, ಆದರೆ ಅದು ಆಮೇಲೆ.

ಅವಳು ಹಗ್ಗದ ಕಡೆ ತಿರುಗಿದಳು. ಹಗ್ಗದ ಮೇಲಿನ ಬಟ್ಟೆ ಒಂದೊಂದಾಗಿ ತೆಗೆಯತೊಡಗಿದಳು. ಆಗಷ್ಟೇ ಒಗೆದದ್ದು, ನೀರು ತೊಟ್ಟಿಕ್ಕುತ್ತಿತ್ತು. ಹಿಂಡಿ, ಹಸಿಯಾಗಿಯೇ ಮಡಚಿ ಮೂಟೆಗೆ ತುಂಬಿದಳು.