ನಮ್ಮೂರಿನವನೆಂದು ಹೇಳಿಕೊಂಡವನು

ಅರಸೀಕೆರೆಯಲ್ಲಿ ಅಪ್ಪಾಜಿಯ ಕೊಬ್ಬರಿ ಮಂಡಿ ಕಾಯುತ್ತಿದ್ದವರು ನೇಪಾಳದವರು. ಹೆಂಡತಿಯನ್ನೂ ಕೈಗೂಸಾಗಿದ್ದ ಮಗನನ್ನೂ ಕಟ್ಟಿಕೊಂಡು ರೈಲಿನಲ್ಲಿ ಬಂದಿಳಿದವರು, ಮಂಡಿಯ ಹಿಂದಿನ ಶೀಟಿನ ಮನೆಯಲ್ಲೇ ಉಳಿದುಬಿಟ್ಟರು. ಆ ಮಗ ನನ್ನ ಓರಗೆಯವನು. ಒಂದೇ ಕನ್ನಡ ಶಾಲೆಯಲ್ಲಿ ಓದಿದೆವು. ಅಪ್ಪ ಅಮ್ಮ ನೇಪಾಳಿಯಲ್ಲಿ ಕೇಳಿದ್ದಕ್ಕೆಲ್ಲ ಅವನು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ. ಕೊನೆಗೆ ಅವನ ತಾಯಿಯೇ ಸೋತು ಕನ್ನಡ ಕಲಿತರು.

ಪಿಯುಸಿ ಮುಗಿದ ಮೇಲೆ ಸೈನ್ಯ ಸೇರಿದ. ತಾತ ಗೂರ್ಖಾ ಪಡೆಯಲ್ಲಿದ್ದವರು, ಮಗನೂ ಅಲ್ಲಿಗೇ ಹೋಗಲೆಂದು ತಂದೆಗೆ ಆಸೆ. ಭರ್ತಿಯ ಅರ್ಜಿಯಲ್ಲಿ ಊರು ಯಾವುದೆಂದು ಕೇಳಿದ್ದಕ್ಕೆ ತಂದೆ ನೇಪಾಳದ ತಾತನ ಹಳ್ಳಿಯನ್ನೇ ಬರೆಸಿದರು.

ಮೊದಲ ರಜಕ್ಕೆ ಬಂದಾಗ ನಮ್ಮ ಅಡುಗೆಮನೆಯಲ್ಲಿ ಊಟಕ್ಕೆ ಕೂತು ಅವ್ವನಿಗೆ ದೂರು ಹೇಳಿದ.

"ಅಲ್ಲಿ ಎಲ್ರೂ ನನ್ನ ಮದ್ರಾಸಿ ಅಂತಾರೆ ಅವ್ವಾ. ನಾನು ನೇಪಾಳಿ ಮಾತಾಡಿದ್ರೆ ಬಿದ್ದು ಬಿದ್ದು ನಗ್ತಾರೆ."

"ಮತ್ತೆ ನೀನೇನಂತೀಯ?"

"ಅರಸೀಕೆರೆ ನಮ್ಮೂರು ಅಂತೀನಿ. ಅದೆಲ್ಲೈತೆ ಅಂತಾರೆ."

ಅವ್ವ ನಗುತ್ತಾ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಕೊನೆಯ ಸಲ ಬಂದದ್ದು ಚಳಿಗಾಲದಲ್ಲಿ. ಎರಡೂ ಮನೆಯವರು ಸೇರಿ ಬಸ್ಸಿನಲ್ಲಿ ಹಳೇಬೀಡು, ಬೇಲೂರಿಗೆ ಹೋದೆವು. ಹಳೇಬೀಡಿನಲ್ಲಿ ಗೈಡೊಬ್ಬರು ಅವನ ಮುಖ ನೋಡಿ ಹಿಂದಿಯಲ್ಲಿ ವಿವರಿಸತೊಡಗಿದರು. ಅವನು ಪೂರ್ತಿ ಕೇಳಿಸಿಕೊಂಡು, "ನಾನು ಇಲ್ಲೇ ಅರಸೀಕೆರೆಯವ್ನು ಕಣಣ್ಣ," ಎಂದ. ಆತ ನಂಬಲಿಲ್ಲ.

ಸಂಜೆ ಬೇಲೂರು ಗುಡಿಯ ಅಂಗಳದಲ್ಲಿ ದೊಡ್ಡವರೆಲ್ಲ ಕಾಲು ಚಾಚಿ ಕೂತಿದ್ದರು. ನಾವಿಬ್ಬರೂ ಬರಿಗಾಲಲ್ಲಿ ಗುಡಿ ಸುತ್ತುತ್ತಿದ್ದೆವು.

"ನಿನ್ನ ನೋಡಾಕೆ ಗಂಡಿನೋರು ಬರ್ತಾವ್ರಂತೆ?" ಎಂದು ಕೇಳಿದ.

"ಬರ್ತಾರೆ, ಉಪ್ಪಿಟ್ಟು ತಿಂದು ಹೋಗ್ತಾರೆ."

ಅವನು ನಗಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, "ಮುಂದಿನ ರಜಕ್ಕೆ ಬಂದಾಗ ನಿಮ್ಮಪ್ಪಾಜಿ ಹತ್ರ ಒಂದ್ ಮಾತಾಡ್ಬೇಕು ಕಣೇ. ಅಲ್ಲೀತನಕ ಉಪ್ಪಿಟ್ಟು ಚೆನ್ನಾಗಿ ಮಾಡ್ಬೇಡ," ಎಂದ.

ಆಯ್ತು ಎಂದೆ. ಅಷ್ಟೇ ನಮ್ಮಿಬ್ಬರ ನಡುವೆ ನಡೆದದ್ದು.

ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಅವನ ತಂದೆ ತಾಯಿ ಟಿವಿ ನೋಡಲು ನಮ್ಮ ಮನೆಗೆ ಬರುತ್ತಿದ್ದರು. ಬೆಟ್ಟಗಳು ಕಂಡಾಗಲೆಲ್ಲ ತಂದೆ ಹೆಂಡತಿಗೆ, "ನಮ್ಮ ಕಡೆ ಬೆಟ್ಟದ ಹಂಗೇ ಐತೆ, ಅವನಿಗೆ ಕಷ್ಟ ಆಗಲ್ಲ," ಎನ್ನುತ್ತಿದ್ದರು. ಆ ಬೆಟ್ಟಗಳಲ್ಲಿ ಬೆಳೆದವರು ಅವರು. ಮಗ ಬೆಳೆದದ್ದು ತೆಂಗಿನ ತೋಟಗಳ ಬಯಲಿನಲ್ಲಿ.

ಒಂದು ಬೆಳಗ್ಗೆ ಮಂಡಿಗೆ ಫೋನ್ ಬಂತು. ಅಪ್ಪಾಜಿ ಮಾತು ಮುಗಿಸಿ, ಗೇಟಿನ ಹತ್ತಿರ ನಿಂತಿದ್ದ ಆ ತಂದೆಯ ಭುಜ ಹಿಡಿದುಕೊಂಡರು. ಗುಡ್ಡ ಹತ್ತುವಾಗ ಗುಂಡು ತಗುಲಿತ್ತಂತೆ. ಮನೆಯಲ್ಲಿ ಎಲ್ಲರೂ ಅತ್ತರು. ಹಾಗಾಗಿ ನನ್ನ ಅಳು ಬೇರೆಯಾಗಿ ಯಾರಿಗೂ ಕಾಣಲಿಲ್ಲ.

ಅವನನ್ನು ಇಲ್ಲಿಗೇ ತರುತ್ತಾರೆಂದುಕೊಂಡಿದ್ದೆವು. ತೋಟದಲ್ಲಿ ಜಾಗ ಕೊಡುತ್ತೇನೆಂದು ಅಪ್ಪಾಜಿ ಹೇಳಿದರು. ಶಾಲೆಯ ಮೇಷ್ಟ್ರುಗಳೂ ಬಂದು ವಿಚಾರಿಸಿದರು. ಆದರೆ ದೇಹ ಹೋದದ್ದು ದಾಖಲೆಯಲ್ಲಿದ್ದ ಊರಿಗೆ, ಅವನಿಗೆ ನೆನಪೇ ಇರದ ತಾತನ ಹಳ್ಳಿಗೆ. ತಂದೆ ತಾಯಿ ಅದೇ ದಿನ ರೈಲು ಹತ್ತಿದರು. "ಬತ್ತೀವಿ" ಎಂದೇ ಹೋದರು. ಬರಲಿಲ್ಲ.

ಎರಡು ವರ್ಷಕ್ಕೆ ನನಗೆ ಮಾದಿಹಳ್ಳಿಯವರ ಜೊತೆ ಮದುವೆಯಾಯಿತು. ಒಳ್ಳೆಯ ಮನುಷ್ಯ. ಮೊದಲ ಬಾಣಂತನಕ್ಕೆ ತವರಿನಲ್ಲಿದ್ದಾಗ, ಹೇಳದೆ ಕೇಳದೆ ಅವನ ತಾಯಿ ಒಬ್ಬರೇ ಬಂದರು. ಬಹಳ ಇಳಿದುಹೋಗಿದ್ದರು.

"ಅಲ್ಲಿ ಅವನ ಫೋಟೋಕ್ಕೆ ಹಾರ ಹಾಕ್ತಾರೆ. ಅವನು ಯಾರಿಗೂ ಗೊತ್ತಿಲ್ಲ. ಅವನು ಹೆಂಗೆ ಮಾತಾಡ್ತಿದ್ದ ಅಂತ ಹೇಳೋಣ ಅಂದ್ರೆ ಕನ್ನಡ ಬರೋರೇ ಇಲ್ಲ," ಎಂದರು ಅವ್ವನಿಗೆ.

ಇದ್ದಷ್ಟು ದಿನ ಇಬ್ಬರೂ ಪಡಸಾಲೆಯಲ್ಲಿ ಕೂತು ಅವನ ಮಾತುಗಳನ್ನೇ ಆಡಿದರು. ಅವನು ಅಂದದ್ದನ್ನು ಅವನ ಧಾಟಿಯಲ್ಲೇ ಅಂದು ನಗುತ್ತಿದ್ದರು. ನಾನು ಮಗುವಿಗೆ ಹಾಲೂಡಿಸುತ್ತಾ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

ಹೊರಡುವ ದಿನ ಮಗುವನ್ನು ನೋಡಲು ಕೋಣೆಗೆ ಬಂದವರು ನನ್ನ ಕೈ ಹಿಡಿದುಕೊಂಡರು.

"ಅವನಿಗೆ ನಿನ್ನ ಕಂಡ್ರೆ ಆಸೆ ಇತ್ತು. ನಂಗೊತ್ತಿತ್ತು."

"ನಂಗೂ ಗೊತ್ತಿತ್ತು ಅಮ್ಮ," ಎಂದೆ.

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಆಗ ಮಾತ್ರ.