ಮೂಗಿಗಾಗಿ ಕೊಂಡ ಕಾಫಿ ಮಷೀನು

ನಮ್ಮ ಮ್ಯಾನೇಜರರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ಸ್ಟೀಲ್ ಡಬ್ಬಿ ಉಬ್ಬಿಕೊಂಡು ಕೂತಿರುತ್ತಿತ್ತು. ಅದರ ಮುಚ್ಚಳ ಸ್ವಲ್ಪ ಸಡಿಲ. ಹಾಗಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಸಂಜೆಯ ಹೊತ್ತಿಗೆ ಕಂದು ಕಲೆಯೊಂದು ಮೂಡಿರುತ್ತಿತ್ತು. ವಡೋದರಾದ ನಮ್ಮ ವಿಮಾ ಕಚೇರಿಯ ಗುಜರಾತಿಗಳೆಲ್ಲ ಅದು ನಶ್ಯವೆಂದೇ ನಂಬಿದ್ದರು. ಹಿರಿಯ ಗುಮಾಸ್ತರೊಬ್ಬರು ಒಂದು ಚಿಟಿಕೆ ಬೇಡಿ ಪಡೆದು, ಮೂಗಿಗೇರಿಸಿ, ಎಷ್ಟು ಹೊತ್ತಾದರೂ ಸೀನು ಬಾರದೆ ನಿರಾಶರಾಗಿದ್ದರು. ಅದು ಮೈಸೂರಿನಿಂದ ತರಿಸಿದ, ಚಿಕೋರಿ ಬೆರೆಸಿದ ಕಾಫಿಪುಡಿ.

ಅದರ ಹಿಂದೆ ಒಂದು ಸಂಕಟವಿತ್ತು. ಊರಿಗೆಲ್ಲ ಆ ಕೆಟ್ಟ ಜ್ವರ ಬಂದ ಕಾಲದಲ್ಲಿ ಮ್ಯಾನೇಜರ್ ಸಾಹೇಬರ ಹೆಂಡತಿಗೂ ಬಂದು, ಹೋಗುವಾಗ ವಾಸನೆಯನ್ನೇ ಹೊತ್ತುಕೊಂಡು ಹೋಗಿತ್ತು. ಎಲ್ಲರಿಗೂ ಬೇಗ ಮರಳಿದ್ದು ಅವರಿಗೆ ವರ್ಷ ಕಳೆದರೂ ಮರಳಲಿಲ್ಲ. ಅವರನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಶಿವಮೊಗ್ಗದಿಂದ ವರ್ಗವಾಗಿ ಬಂದು ಫತೇಗಂಜಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ನನಗೆ ಭಾನುವಾರದ ಊಟ ಅವರ ಮನೆಯಲ್ಲಿ. ಒಂದು ದಿನ ಅಮ್ಮ ಅಡುಗೆಮನೆಯಲ್ಲೇ ಒಲೆಗೆ ಬೆನ್ನು ಮಾಡಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಸಾರು ಬತ್ತಿ, ಪಾತ್ರೆ ಸೀದು, ನಾತ ಮೆಟ್ಟಿಲವರೆಗೂ ಹರಡಿ, ಪಕ್ಕದ ಮನೆಯ ಹೆಂಗಸು ಬಾಗಿಲು ಬಡಿದಾಗಲೇ ಅವರಿಗೆ ತಿಳಿದದ್ದು.

ಅಂದಿನಿಂದ ಸಾಹೇಬರಿಗೆ ಒಂದೇ ಭಯ. ಪೈಪಿನ ಗ್ಯಾಸ್ ಸೋರಿದರೆ ಇವಳಿಗೆ ಗೊತ್ತಾಗುವುದು ಹೇಗೆ? ಕಚೇರಿಯಿಂದ ಮನೆಗೆ ಫೋನಿನ ಮೇಲೆ ಫೋನು. ಕರೆಂಟಿನ ಒಲೆ ತರುತ್ತೇನೆಂದರೆ, ಬೆಂಕಿ ಕಾಣದ ಒಲೆಯ ಮುಂದೆ ನಾನು ನಿಲ್ಲುವುದಿಲ್ಲ ಎಂದು ಅಮ್ಮನ ಪಟ್ಟು. ದಿನಾ ಏನಾದರೂ ಗಾಢವಾದದ್ದನ್ನು ಮೂಸುತ್ತಿರಲಿ, ಮೂಗು ಎಚ್ಚೆತ್ತರೂ ಎಚ್ಚೆತ್ತೀತು ಎಂದು ವೈದ್ಯರು ಹೇಳಿದ್ದರು. ಲವಂಗ, ಇಂಗು, ಕರ್ಪೂರ ಎಲ್ಲ ಆಯಿತು. ಹೀಗಿರುವಾಗ ಒಮ್ಮೆ ಶಾಪಿಂಗ್ ಮಾಲಿನ ಕಾಫಿ ಅಂಗಡಿಯಲ್ಲಿ ದೊಡ್ಡ ಮಷೀನು ಬುಸ್ಸೆಂದು ಪುಟ್ಟ ಕಪ್ಪಿಗೆ ಎಸ್ಪ್ರೆಸೊ ಇಳಿಸಿದಾಗ ಅಮ್ಮ ತಲೆಯೆತ್ತಿ, ಏನೋ ಸುಟ್ಟ ಹಾಗಿದೆಯಲ್ಲ ಎಂದರು. ಮರುಕ್ಷಣವೇ ಅದು ಮಾಯ. ಸಾಹೇಬರಿಗೆ ಅಷ್ಟು ಸಾಕಾಯಿತು. ಅಂಥದೊಂದು ಮಷೀನು ಮನೆಗೆ ಬರಲೇಬೇಕು, ಅದೂ ಮನೆಯ ಪುಡಿಯಲ್ಲೇ ಪರೀಕ್ಷೆಯಾಗಿ ಬರಬೇಕು. ಡಬ್ಬಿ ಜೇಬು ಸೇರಿದ್ದು ಹಾಗೆ.

ಹಟ ಇದ್ದಷ್ಟು ದುಡ್ಡಿರಲಿಲ್ಲ. ಮೊದಲೇ ಬದನೆಕಾಯಿ ಕೊಳ್ಳಲೂ ಮಾರುಕಟ್ಟೆಯನ್ನು ಪೂರ್ತಿ ಸುತ್ತುವ ಮನುಷ್ಯ. ಬೀಜ ಪುಡಿ ಮಾಡುವುದೂ ಸೇರಿ ಎಲ್ಲವನ್ನೂ ತಾನೇ ಮಾಡುವ ಥಳಥಳ ಮಷೀನು ಕಂಡು, ಮೂಗಿಗಿಂತ ಮೂಗುತಿ ಭಾರ ಎಂದು ಹಿಂದೆ ಸರಿದರು. ತೀರ ಅಗ್ಗದ್ದು ಬರೀ ಉಗಿಯಿಂದ ನಡೆಯುವಂಥದ್ದು, ಸದ್ದು ಜಾಸ್ತಿ, ಕಾಫಿ ನೀರು. ಕ್ಯಾಪ್ಸೂಲ್ ತುರುಕುವ ಮಷೀನು ಕೈಗೆಟುಕುವಂತಿತ್ತು, ಆದರೆ ಆ ಕ್ಯಾಪ್ಸೂಲುಗಳನ್ನು ಜೀವಮಾನವಿಡೀ ಕೊಳ್ಳುತ್ತಲೇ ಇರಬೇಕು. ಅಹಮದಾಬಾದಿನಲ್ಲಿ ಮೀಟಿಂಗ್ ಇದ್ದರೆ ಮುಗಿದ ಕೂಡಲೇ ಅಂಗಡಿಗೆ ಓಟ, ಜೊತೆಗೆ ನಾನು. ಮಾರುವವರು ಪಂಪಿನ ಒತ್ತಡ, ನೊರೆಯ ದಪ್ಪ ಎಂದು ವಿವರಿಸುತ್ತಿದ್ದರೆ ಇವರ ಪ್ರಶ್ನೆ ಒಂದೇ, ವಾಸನೆ ಎಷ್ಟು ದೂರ ಹೋಗುತ್ತದೆ? ಅದಕ್ಕೆ ಯಾವ ಪೆಟ್ಟಿಗೆಯ ಮೇಲೂ ಉತ್ತರ ಬರೆದಿರಲಿಲ್ಲ.

ನಾನು ಅವಸರದವಳು. ಯಾವುದೋ ಒಂದನ್ನು ತಗೊಂಡುಬಿಡಿ ಸಾರ್ ಎಂದು ಒಮ್ಮೆ ರೇಗಿದೆ. ಅವರು ಬೇಸರಿಸಲಿಲ್ಲ.

“ಆತುರ ಬೇಡ ಕಣಮ್ಮ. ಆಸೆ ತೋರ್ಸಿ ಸುಳ್ಳಾದ್ರೆ ಅವಳು ಇನ್ನೊಂದ್ಸಲ ಮೂಸೋದೇ ಇಲ್ಲ.”

ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಮೂವರೂ ಸೂರತ್ತಿಗೆ ಹೋದಾಗ ಅಲ್ಲಿನ ಅಡಾಜಣ್ ಬಡಾವಣೆಯ ಅಂಗಡಿಯೊಂದಕ್ಕೆ ನುಗ್ಗಿದೆವು. ಅಲ್ಲಿ ಚಿಕ್ಕದೊಂದು ಪಂಪಿನ ಮಷೀನಿತ್ತು, ಹಿಡಿಯಿರುವ ಜಾಲರಿ ಬಟ್ಟಲಿಗೆ ಪುಡಿ ತುಂಬಿ ಸಿಕ್ಕಿಸುವಂಥದ್ದು. ಯಜಮಾನ ಬೇಡವೆನ್ನುವ ಮೊದಲೇ ಸಾಹೇಬರು ಡಬ್ಬಿ ತೆಗೆದು, ಮನೆಯ ಫಿಲ್ಟರಿಗೆ ಒತ್ತುವ ಹಾಗೆ ಪುಡಿಯನ್ನು ಒತ್ತಿ ಕೂರಿಸಿದರು. ಮಷೀನು ಗುರುಗುಟ್ಟಿತು, ನಡುಗಿತು, ಒಂದು ಹನಿಯೂ ಬೀಳಲಿಲ್ಲ. ಚಿಕೋರಿ ನೀರು ಕುಡಿದು ಅಂಟಾಗಿ ಜಾಲರಿಯ ಕಣ್ಣುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. “ಶುಂ ನಾಖ್ಯುಂ, ಸಾಹೇಬ್?” ಏನು ಹಾಕಿದಿರಿ ಎಂದು ಯಜಮಾನ ತಲೆಯ ಮೇಲೆ ಕೈ ಹೊತ್ತ. ಜಾಲರಿಯನ್ನು ಉಜ್ಜಿ ತೊಳೆದು, ತನ್ನಲ್ಲಿದ್ದ ಬರೀ ಕಾಫಿಬೀಜದ ಪುಡಿ ಹಾಕಿದ. ಚಿಕೋರಿಯಿಲ್ಲದ ಕಾಫಿಯೆಂದರೆ ಸಾಹೇಬರಿಗೆ ಉಪ್ಪಿಲ್ಲದ ಸಾರು. ಅವರು ಅವಮಾನದಿಂದ ಮಿಕ್ಸಿಗಳ ಕಡೆ ಮುಖ ತಿರುಗಿಸಿ ನಿಂತರು. ಫ್ಯಾನಿನ ಕೆಳಗೆ ಸ್ಟೂಲಿನ ಮೇಲಿದ್ದ ಅಮ್ಮ ಎದ್ದು ಬಂದು ಕಪ್ಪನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದರು.

“ರೀ, ಬರ್ತಿದೆ.”

ಸಾಹೇಬರು ಚೌಕಾಸಿ ಮಾಡದೆ ಕೊಂಡ ವಸ್ತು ನಾನು ಕಂಡಂತೆ ಅದೊಂದೇ. ವಡೋದರಾದವರೆಗೂ ರೈಲಿನಲ್ಲಿ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದರು.

ಆಮೇಲೆ ಬೆಳಿಗ್ಗೆ ಅವರು ಕಚೇರಿಯ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಅಂದು ವಾಸನೆ ಬಂತೋ ಇಲ್ಲವೋ ಹೇಳಿಬಿಡಬಹುದಿತ್ತು. ಕೆಲವು ದಿನ ಬರುತ್ತಿತ್ತು, ಕೆಲವು ದಿನ ಇಲ್ಲ. ಮನೆಗೆ ಫೋನು ಮಾತ್ರ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಫೋನು ಅತ್ತಲಿಂದಲೇ ಬಂತು. ಕೇಳುತ್ತ ಕೇಳುತ್ತ ಅವರು ಕುರ್ಚಿ ಬಿಟ್ಟು ಎದ್ದರು. ವಾಲ್ವ್ ಮುಚ್ಚಿದೆಯಾ, ಕಿಟಕಿ ತೆಗೆದೆಯಾ, ಆಚೆ ಬಂದು ನಿಂತುಕೋ ಎಂದರು. ಫೋನಿಟ್ಟು ಧೊಪ್ಪನೆ ಕೂತರು. ನಾನು ಅವರ ಮೇಜಿನ ಬಳಿಗೆ ಓಡಿದೆ. ಅವರು ಕನ್ನಡಕ ತೆಗೆದು, ಈಗ ಡಬ್ಬಿಯಿಲ್ಲದ ಜೇಬಿನ ಮೇಲೆ ಕೈಯಿಟ್ಟುಕೊಂಡರು.

“ಗ್ಯಾಸ್ ಸೋರ್ತಿದೆಯಂತೆ ಕಣಮ್ಮ. ಅವಳಿಗೇ ವಾಸನೆ ಬಂತಂತೆ.”

ಇಷ್ಟು ಹೇಳಿ ಎಲ್ಲರೆದುರೇ ಅತ್ತರು, ನನಗೂ ಅಳು ಬಂತು. ಗ್ಯಾಸಿನವರು ಬಂದು ಪೈಪು ಬದಲಿಸಿ ಹೋದ ಮರುದಿನ ಕಚೇರಿಗೆಲ್ಲ ಪೇಡೆ. ಗ್ಯಾಸ್ ಸೋರಿದ್ದಕ್ಕೆ ಸಿಹಿ ಹಂಚಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮೂಗು ಪೂರ್ತಿ ಎಚ್ಚೆತ್ತ ಮೇಲೆ ಅಮ್ಮ ಮೊದಲು ಮಾಡಿದ ಕೆಲಸ ಆ ಮಷೀನನ್ನು ಬೈದದ್ದು. ಈ ಸುಟ್ಟ ಕಷಾಯ ಯಾರು ಕುಡಿಯುತ್ತಾರೆ ಎಂದು ಅಟ್ಟದಿಂದ ಫಿಲ್ಟರ್ ಇಳಿಸಿದರು, ಚಿಕೋರಿ ಪುಡಿ ಮರಳಿ ಬಂತು. ಸಾಹೇಬರು ನಿವೃತ್ತರಾಗಿ ಮೈಸೂರಿಗೆ ಹೊರಟಾಗ ಮಷೀನು ನನ್ನ ಕೋಣೆಗೆ ಬಂತು. ಈ ಊರಿನಲ್ಲಿ ನಾನು ನೆಲೆನಿಂತದ್ದು ಅವರ ಮನೆಯ ಅನ್ನದಿಂದ, ಆ ಋಣ ತೀರುವಂಥದ್ದಲ್ಲ. ನಾನು ಈಗಲೂ ಅವಸರದವಳೇ. ಆದರೂ ಬೆಳಿಗ್ಗೆ ಕಪ್ಪು ಕೈಗೆ ಬಂದಾಗ ಮೊದಲು ಮೂಸಿ, ಆಮೇಲೆ ಕುಡಿಯುತ್ತೇನೆ.

ಭಾನುವಾರ ಫೋನು ಮಾಡಿದರೆ ಸಾಹೇಬರು ಊಟವಾಯಿತೇ ಎಂದು ಕೇಳುವ ಮೊದಲು, ವಾಸನೆ ಬರ್ತಿದೆ ತಾನೇ ಎಂದು ಕೇಳುತ್ತಾರೆ. ಬರ್ತಿದೆ ಸಾರ್ ಎನ್ನುತ್ತೇನೆ. ಅವರು ಸಮಾಧಾನದಿಂದ ಉಸಿರುಬಿಡುವುದು ಇಲ್ಲಿಗೆ ಕೇಳಿಸುತ್ತದೆ. ಕಳೆದ ವಾರ ಅದರ ಹಿಂದೆಯೇ ಒಳಗಿನಿಂದ ಅಮ್ಮನ ದನಿಯೂ ಕೇಳಿಸಿತು.

“ಏನ್ರೀ, ಹಾಲು ಸೀದ ವಾಸನೆ ಹಜಾರದವರೆಗೂ ಬರ್ತಿದೆ. ಒಲೆ ಪಕ್ಕದಲ್ಲೇ ನಿಂತಿದೀರಿ, ನಿಮ್ಮ ಮೂಗಿಗೆ ಏನಾಗಿದೆ?”