ಕೆಂಪು ರಾಜನಿಗೆ ಬಿದ್ದ ಐದು

ತೀರಿಹೋದವರ ಪಾಲಿನ ದಾಳವನ್ನು ನೀವು ಯಾವತ್ತಾದರೂ ಹಾಕಿದ್ದೀರಾ? ನಾನು ಹಾಕಿದ್ದೇನೆ. ಹೋದ ತಿಂಗಳು, ಹಾಡುಹಗಲೇ.

ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಪಿನ್ನಿಗಾರು. (ಪಿನ್ನಿ ಅಂದರೆ ತೆಲುಗಿನಲ್ಲಿ ಚಿಕ್ಕಮ್ಮ.) ಅವರ ಯಜಮಾನರು ಹಿಸ್ಟರಿ ಲೆಕ್ಚರರ್ ಆಗಿದ್ದವರು. ಚೆಸ್ ಹುಟ್ಟಿದ್ದು ನಮ್ಮಲ್ಲೇ, ಚತುರಂಗ ಅಂತ, ಎನ್ನುತ್ತಾ ನಾಲ್ವರು ಆಡುವ ಹಳೇ ಬಗೆಯ ಕಾಯಿಗಳನ್ನು ಮರದಲ್ಲಿ ಮಾಡಿಸಿದ್ದರು. ನಾಲ್ಕು ಬಣ್ಣ, ನಾಲ್ಕು ರಾಜರು. ರಾಣಿ ಇಲ್ಲವೇ ಇಲ್ಲ! ಯಾವ ಕಾಯಿ ನಡೆಸಬೇಕೆಂದು ದಾಳ ಹೇಳುತ್ತದೆ. ರಾಜ ಕದಲಬೇಕಾದರೆ ಐದೇ ಬೀಳಬೇಕು. ಆಟದ ಶುರುವಿನಲ್ಲಿ ರಾಜ ನಿಲ್ಲುವ ಮನೆಯೇ ಅವನ ಸಿಂಹಾಸನ.

ಎದುರುಬದುರು ಕೂತವರು ಒಂದೇ ಪಕ್ಷ. ಗಂಡ ಕೆಂಪು, ಹೆಂಡತಿ ಹಳದಿ. ಉಳಿದ ಎರಡು ನನಗೂ ನಮ್ಮವರಿಗೂ. ಎರಡು ವರ್ಷದ ಹಿಂದೆ ಒಂದು ಭಾನುವಾರ, ಆಟದ ನಡುವೆ ಅವರು ಎದೆ ಹಿಡಿದುಕೊಂಡರು. ಮತ್ತೆ ಏಳಲಿಲ್ಲ. ಪಿನ್ನಿಗಾರು ಒಂದು ಕಾಯಿಯನ್ನೂ ಮುಟ್ಟದೆ ಹಲಗೆಗೆ ಬಟ್ಟೆ ಮುಚ್ಚಿಟ್ಟರು.

ಈಗ ಅವರಿಗೇ ಹಾರ್ಟ್ ಆಪರೇಷನ್. ತಡ ಮಾಡಿದರೆ ಜೀವಕ್ಕೆ ಅಪಾಯ. ವಿಜಯವಾಡದಲ್ಲಿ ಅವರ ತಮ್ಮ ಎಲ್ಲ ಗೊತ್ತು ಮಾಡಿದ್ದಾನೆ. ಈಯಮ್ಮ ಹೊರಟರೆ ತಾನೇ?

“ಆಟ ಮುಗಿಸದೆ ಹೇಗೆ ಹೊರಡಲಿ? ಸರದಿ ಅವರದು. ಅವರ ರಾಜ ನನ್ನ ಸಿಂಹಾಸನದ ಪಕ್ಕದ ಮನೆಯಲ್ಲೇ ನಿಂತಿದ್ದಾನೆ.”

“ಹತ್ತಿದರೆ ಏನಾಗುತ್ತೆ ಪಿನ್ನಿಗಾರು?”

“ನನ್ನ ಸೈನ್ಯವೂ ಅವರ ಕೈಗೆ. ಅದು ರೂಲು. ಆಮೇಲೆ ನಾನಿಲ್ಲ, ಎಲ್ಲ ಅವರೇ.” ನಕ್ಕರು. “ಇದ್ದಾಗ ಮಾತ್ರ ಬೇರೆ ಥರ ಇತ್ತಾ ತಲ್ಲೀ?”

ಹೀಗೆ ಎರಡೆರಡು ಸೈನ್ಯ ಒಂದಾಗಿಯೇ ಇಬ್ಬರ ಚೆಸ್ ಆಯಿತಂತೆ. ಒಬ್ಬ ರಾಜ ಇಳಿದು ಮಂತ್ರಿಯಾದ, ಆ ಮಂತ್ರಿಯೇ ಎಷ್ಟೋ ಕಾಲದ ಮೇಲೆ ಪರದೇಶದಲ್ಲಿ ರಾಣಿಯಾದ. (ಪಂಡಿತರೆಲ್ಲ ಇದನ್ನು ಒಪ್ಪುವುದಿಲ್ಲವಂತೆ. ಸಂಸಾರ ಮಾಡಿದವರು ಒಪ್ಪುತ್ತಾರೆ.)

“ಅವರ ದಾಳ ನೀನೇ ಹಾಕು. ಐದು ಬಿದ್ದರೆ ಇವತ್ತೇ ಹೊರಡ್ತೀನಿ.”

ದಾಳ ತೆಗೆದುಕೊಂಡೆ. ಬೆಚ್ಚಗಿತ್ತು. ಯಾರೋ ಈಗ ತಾನೇ ಕೈಯಿಂದ ಇಳಿಸಿಟ್ಟ ಹಾಗೆ. ಎರಡು ವರ್ಷ ಬಟ್ಟೆಯಡಿ ಇದ್ದದ್ದು! ನರಸಿಂಹಸ್ವಾಮಿ, ಐದು ಬೀಳಿಸು, ಒಂದು ಜೀವ ಉಳಿಸು ಎಂದು ಕಣ್ಣು ಮುಚ್ಚಿ ಹಾಕಿದೆ.

ಐದು.

ಕೆಂಪು ರಾಜನನ್ನು ಹಳದಿ ಸಿಂಹಾಸನಕ್ಕೆ ಸರಿಸಿದ್ದೂ ನಾನೇ. ಪಿನ್ನಿಗಾರು ಎದ್ದು ಬ್ಯಾಗ್ ತುಂಬಿಕೊಂಡರು.

ಆಪರೇಷನ್ ಸಲೀಸಾಯಿತು. ದೇವರು ದೊಡ್ಡವನು. ಕಳೆದ ವಾರ ನೋಡಿಬರಲು ವಿಜಯವಾಡಕ್ಕೆ ಹೋದೆ. ರೈಲಿನಲ್ಲಿ ಕಿಟಕಿ ಸೀಟು ಸಿಕ್ಕಿತು, ಬಿಸಿಲೂ ನಮ್ಮ ಕಡೆ ಇರಲಿಲ್ಲ. ಇಂಥವೂ ಅವನ ಕೃಪೆಯೇ. ಬೆಂಜ್ ಸರ್ಕಲ್ ಹತ್ತಿರ ತಮ್ಮನ ಮನೆ. ಪಿನ್ನಿಗಾರು ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದರು. ಕೈಯಲ್ಲಿ ಸಕ್ಕರೆಯಿಲ್ಲದ ಕಾಫಿ. (ಜನ್ಮದಲ್ಲಿ ಕಾಫಿ ಮುಟ್ಟಿದವರಲ್ಲ.)

ಪೇಪರ್ ಇಳಿಸಿ ನನ್ನನ್ನು ನೋಡಿದರು.

“ಏನಮ್ಮಾ ಮೈಸೂರ್‌ಪಾಕ್! ಸರದಿ ಈಗ ನಿನ್ನದಲ್ವಾ?”

ಕನ್ನಡದವಳೆಂದು ನನ್ನನ್ನು ಹಾಗೆ ರೇಗಿಸುತ್ತಿದ್ದವರು ಈ ಲೋಕದಲ್ಲಿ ಒಬ್ಬರೇ. ಅವರ ಯಜಮಾನರು.

“ಅನಸ್ತೇಷಿಯಾ ಇನ್ನೂ ಇಳಿದಿಲ್ಲ ಅಕ್ಕನಿಗೆ,” ಎಂದು ತಮ್ಮ ನಕ್ಕ. ನಾನೂ ನಕ್ಕೆ. ಇನ್ನೇನು ಮಾಡಲಿ?

ಒಂದು ಜೀವ ಉಳಿಸು ಎಂದು ಬೇಡಿದೆ, ಉಳಿಸಿದ; ಯಾರದು ಅಂತ ಹೆಸರು ಹೇಳಿದ್ದೆನಾ?